ಮೊಣಕೈಯ ತುದಿ: ಆಪರೇಷನ್ ಆದ ಮೇಲೂ ಉಳಿಯುವ ಕೆಲಸ



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳಲ್ಲಿ ಮೂಳೆ, ಕೀಲುಗಳಿಗೆ ಸಂಬಂಧಪಟ್ಟವನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ ನನ್ನದು. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಮೊಣಕೈ ಮೂಳೆ ಎಂದರೆ ಕೇಳುತ್ತಾರೆ. ಕಳೆದ ಸಭೆಯಲ್ಲಿ ಹಾಗೆಯೇ ಆಯಿತು. ಮೊಣಕೈಯ ತುದಿ ಮುರಿದು ಆಪರೇಷನ್ ಮಾಡಿಸಿಕೊಂಡಿದ್ದ ಒಬ್ಬರಿಂದ ಎರಡನೇ ಅರ್ಜಿ ಬಂದಿತ್ತು. ಸಮಿತಿಯ ಹಿರಿಯರೊಬ್ಬರು, "ಡಾಕ್ಟ್ರೇ, ಆಪರೇಷನ್ನಿಗೆ ಕೊಟ್ಟಾಯಿತಲ್ಲ, ಅದೇ ಕೈಗೆ ಮತ್ತೆ ಯಾಕೆ?" ಎಂದು ಕೇಳಿದರು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಿಧಿಯ ಹಣ ನಿಮ್ಮದು, ಲೆಕ್ಕ ಕೇಳುವುದು ಅವರ ಕರ್ತವ್ಯ.

ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೇ ಬರಬೇಕಿತ್ತು. ಮೊದಲ ಅರ್ಜಿಗೆ ಶಿಫಾರಸು ಬರೆದು, ಆಪರೇಷನ್ ಚೆನ್ನಾಗಿ ಆಗಿದೆ ಎಂದು ಎಕ್ಸ್‌ರೇ ನೋಡಿ, ಕಡತ ಮುಗಿಸಿದವನು ನಾನೇ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೂ ನಾಲ್ಕು ತಿಂಗಳ ಮೇಲೆ ಆ ಮನುಷ್ಯ ನನ್ನೆದುರು ಕುಳಿತಾಗ ಬಲಗೈ ಅರ್ಧ ಮಡಚಿದ ಸ್ಥಿತಿಯಲ್ಲೇ ನಿಂತುಬಿಟ್ಟಿತ್ತು. ಅವರು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. "ಕಾವಲಿಯ ಆಚೆ ತುದಿಗೆ ಕೈ ಮುಟ್ಟುವುದಿಲ್ಲ. ತುತ್ತು ಬಾಯಿಗೆ ಬರುವುದಿಲ್ಲ. ಎರಡೂ ಎಡಗೈಯಲ್ಲೇ" ಎಂದರು.

ಅವರ ಹೆಸರು ಇಲ್ಲಿ ಬೇಡ. ಆದರೆ ಅವರ ಕೈಗೆ ಏನಾಯಿತು ಎಂಬುದು ನಿಮಗೆಲ್ಲ ತಿಳಿಯಬೇಕು. ಆ ಪುಟ್ಟ ಮೂಳೆ ಏನು, ಅದರ ಕೆಲಸ ಏನು ಎಂದು ಅರ್ಥವಾದರೆ ಎರಡನೇ ಅರ್ಜಿ ಯಾಕೆ ಬಂತು ಎಂಬುದೂ ಅರ್ಥವಾಗುತ್ತದೆ.

ನಿಮ್ಮ ಮೊಣಕೈಯನ್ನೇ ಮುಟ್ಟಿ ನೋಡಿ

ಇದಕ್ಕೆ ಪುಸ್ತಕ ಬೇಡ. ಬಲಗೈಯನ್ನು ಮಡಚಿ, ಎಡಗೈ ಬೆರಳಿನಿಂದ ಮೊಣಕೈಯ ಹಿಂಬದಿಯ ಗಟ್ಟಿ ತುದಿಯನ್ನು ಮುಟ್ಟಿ. ಮೇಜಿನ ಮೇಲೆ ಕೈಯೂರಿ ಕುಳಿತಾಗ ಮೇಜಿಗೆ ತಾಗುವ ಭಾಗ ಅದೇ. ಊರಿನ ಸಂತೆಯಲ್ಲಿ ಹೂವಾಡಗಿತ್ತಿ ಒಂದು ಮೊಳ ಮಲ್ಲಿಗೆ ಅಳೆಯುವಾಗ ಆ ಮೊಳ ಶುರುವಾಗುವುದೂ ಇಲ್ಲಿಂದಲೇ. ಇದರಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ.

ಈ ತುದಿಗೆ ವೈದ್ಯರು ಹೇಳುವ ಹೆಸರು ಒಲೆಕ್ರೆನಾನ್. ಗ್ರೀಕ್ ಭಾಷೆಯಿಂದ ಬಂದ ಈ ಮಾತಿಗೆ ಮೊಣಕೈಯ ತಲೆ ಎಂದು ಅರ್ಥ. ಇದು ಬೇರೆಯೇ ಒಂದು ಮೂಳೆ ಎಂದು ಅನೇಕರು ತಿಳಿದಿದ್ದಾರೆ, ಮಂಡಿಯ ಚಿಪ್ಪಿನ ಹಾಗೆ. ಅದು ತಪ್ಪು. ಮುಂಗೈಯಲ್ಲಿ ಎರಡು ಉದ್ದ ಮೂಳೆಗಳಿವೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಲ್ನಾ ಮೂಳೆಯ ಮೇಲ್ತುದಿಯೇ ಈ ಒಲೆಕ್ರೆನಾನ್. ನೀವು ಮುಟ್ಟಿದ ತುದಿಯಿಂದ ಬೆರಳನ್ನು ಹಾಗೆಯೇ ಮಣಿಕಟ್ಟಿನ ಕಡೆ ಜಾರಿಸಿ. ಚರ್ಮದ ಕೆಳಗೆ ಒಂದು ಅಂಚು ಉದ್ದಕ್ಕೂ ಸಿಗುತ್ತದೆ, ಕೊನೆಗೆ ಕಿರುಬೆರಳ ಕಡೆಯ ಮಣಿಕಟ್ಟಿಗೆ ಬಂದು ಮುಟ್ಟುತ್ತದೆ. ಒಂದೇ ಮೂಳೆ.

ಈಗ ತುದಿಯ ಮೇಲೆ ಬೆರಳಿಟ್ಟುಕೊಂಡೇ ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ, ಬೀಗದ ಕೈ ತಿರುಗಿಸುವ ಹಾಗೆ. ತುದಿ ಅಲುಗುವುದಿಲ್ಲ. ತಿರುಗುವ ಕೆಲಸ ರೇಡಿಯಸ್ ಮೂಳೆಯದು. ಅಲ್ನಾದ ಕೆಲಸ ಮಡಚುವುದು, ಚಾಚುವುದು, ಎರಡೇ. ಬಾಗಿಲಿನ ತಿರುಗಣೆಯ ಹಾಗೆ ಒಂದೇ ದಿಕ್ಕಿನ ಓಡಾಟ.

ಆ ತಿರುಗಣೆ ಹೇಗಿದೆ? ಅಲ್ನಾದ ಮೇಲ್ತುದಿಯನ್ನು ಪಕ್ಕದಿಂದ ನೋಡಿದರೆ ನಟ್ಟು ಬಿಗಿಯುವ ಪಾನಾದ ಬಾಯಿಯಂತೆ ಕಾಣುತ್ತದೆ. ಹಿಂದಿನ ದೊಡ್ಡ ತುಟಿ ಒಲೆಕ್ರೆನಾನ್, ಮುಂದಿನ ಚಿಕ್ಕ ತುಟಿ ಕೊರೊನಾಯ್ಡ್. ನಡುವಿನ ಅರ್ಧಚಂದ್ರದಂಥ ತಗ್ಗಿನಲ್ಲಿ ತೋಳಿನ ಮೂಳೆಯಾದ ಹ್ಯೂಮರಸ್‌ನ ಕೆಳತುದಿ, ರಾಟೆಯ ಆಕಾರದ್ದು, ಸರಿಯಾಗಿ ಕೂರುತ್ತದೆ. ಎರಡೂ ಕಡೆ ನುಣುಪಾದ ಮೃದ್ವಸ್ಥಿಯ ಲೇಪ ಇದೆ. ಆದ್ದರಿಂದ ಒಲೆಕ್ರೆನಾನ್‌ಗೆ ಎರಡು ಮುಖ: ಹೊರಗಿನದು ಮೇಜಿಗೆ ತಾಗುವುದು, ಒಳಗಿನದು ಕೀಲಿನ ಗೋಡೆ. ಇದು ಮುರಿದರೆ ಸಾಮಾನ್ಯವಾಗಿ ಕೀಲೇ ಸೀಳಿದಂತೆ ಎಂಬುದನ್ನು ನೆನಪಿನಲ್ಲಿಡಿ.

ಕೈಯನ್ನು ಪೂರ್ತಿ ಚಾಚಿದಾಗ ಹ್ಯೂಮರಸ್‌ನ ಹಿಂಬದಿಯಲ್ಲಿರುವ ಒಂದು ಗುಳಿಯೊಳಗೆ ಈ ತುದಿ ಹೋಗಿ ಕೂರುತ್ತದೆ. ಕೈ ಹಿಮ್ಮುಖವಾಗಿ ಮಡಚದಂತೆ ತಡೆಯುವ ಮುಖ್ಯ ತಡೆ ಅದು.

ಇನ್ನೊಂದು ಪರೀಕ್ಷೆ. ಮೊಣಕೈಯ ಒಳಬದಿಯಲ್ಲಿ ಒಂದು, ಹೊರಬದಿಯಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತದೆ. ಅವೆರಡೂ ಹ್ಯೂಮರಸ್‌ನವು. ಕೈ ಚಾಚಿದಾಗ ಈ ಎರಡು ಉಬ್ಬುಗಳು ಮತ್ತು ಹಿಂದಿನ ತುದಿ ಒಂದೇ ಗೆರೆಯಲ್ಲಿರುತ್ತವೆ. ಮಡಚಿದಾಗ ತುದಿ ಕೆಳಗಿಳಿದು ಮೂರೂ ಸೇರಿ ತ್ರಿಕೋನವಾಗುತ್ತವೆ. ಎಕ್ಸ್‌ರೇ ಕೈಗೆ ಸಿಗದ ಜಾಗದಲ್ಲಿ ನಾವು ಇಂದಿಗೂ ಇದನ್ನೇ ನೋಡುತ್ತೇವೆ. ಕೀಲು ತಪ್ಪಿದ್ದರೆ ತ್ರಿಕೋನ ಕೆಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹ್ಯೂಮರಸ್ ಮುರಿದಿದ್ದರೆ, ಮಕ್ಕಳಲ್ಲಿ ಆಗಾಗ ಆಗುವಂತೆ, ಊತವಿದ್ದರೂ ತ್ರಿಕೋನ ಸರಿಯಾಗಿಯೇ ಇರುತ್ತದೆ.

ಒಳಬದಿಯ ಉಬ್ಬಿಗೂ ತುದಿಗೂ ನಡುವೆ ಒಂದು ಸಣ್ಣ ಓಣಿ ಇದೆ. ಅಲ್ಲಿ ಅಲ್ನಾ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿ ಕಿರುಬೆರಳಿನವರೆಗೆ ಶಾಕ್ ಹೊಡೆದ ಹಾಗೆ ಆಗುವುದು ಎಲ್ಲರಿಗೂ ಗೊತ್ತು. ಅದು ಮೂಳೆಯ ನೋವಲ್ಲ, ಈ ನರದ್ದು. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಪದೇ ಪದೇ ಜೋಮು ಹಿಡಿಯುತ್ತಿದ್ದರೆ ತೋರಿಸಿಕೊಳ್ಳಬೇಕು.

ಚರ್ಮ ಮತ್ತು ತುದಿಯ ನಡುವೆ ಇನ್ನೊಂದು ವಸ್ತು ಇದೆ, ಬರ್ಸಾ ಎಂಬ ತೆಳ್ಳನೆಯ ಚೀಲ. ಚರ್ಮ ಮೂಳೆಯ ಮೇಲೆ ಸಲೀಸಾಗಿ ಜಾರಲಿ ಎಂದು ಇರುವುದು. ಗಲ್ಲಾದ ಮೇಲೆ ದಿನವಿಡೀ ಮೊಣಕೈ ಊರಿ ಕೂರುವವರಲ್ಲಿ ಅದು ನೀರು ತುಂಬಿ ನಿಂಬೆಹಣ್ಣಿನಂತೆ ಉಬ್ಬುವುದುಂಟು. ಗೌಟ್ ಇರುವವರಲ್ಲೂ ಉಬ್ಬುತ್ತದೆ. ನೋವಿಲ್ಲದಿದ್ದರೆ ಊರುವುದನ್ನು ಬಿಟ್ಟರೆ ಸಾಕಾಗುವುದು ಹೆಚ್ಚು. ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಕೀವಾಗಿರಬಹುದು, ಅದನ್ನು ತಡಮಾಡಬಾರದು.

ಬಾವಿಯ ಏತ ನೆನಪಿದೆಯೇ?

ಈಗ ಇದರ ಮುಖ್ಯ ಕೆಲಸಕ್ಕೆ ಬರೋಣ. ತೋಳಿನ ಮುಂಭಾಗದ ಸ್ನಾಯುಗಳು ಕೈಯನ್ನು ಮಡಚುತ್ತವೆ. ಜಿಮ್‌ಗೆ ಹೋಗುವ ಹುಡುಗರು ಉಬ್ಬಿಸಿ ತೋರಿಸುವ ಬೈಸೆಪ್ಸ್ ಅವುಗಳಲ್ಲಿ ಒಂದು. ಕೈಯನ್ನು ಚಾಚುವುದು ಹಿಂಭಾಗದ ಟ್ರೈಸೆಪ್ಸ್. ಅದಕ್ಕೆ ಮೂರು ಕವಲು. ಒಂದು ಹೆಗಲಿನ ಮೂಳೆಯಿಂದ, ಎರಡು ಹ್ಯೂಮರಸ್‌ನಿಂದ ಹೊರಟು, ಮೂರೂ ಸೇರಿ ಒಂದು ಗಟ್ಟಿ ಪಟ್ಟಿಯಾಗಿ ಒಲೆಕ್ರೆನಾನ್‌ಗೆ ಬಂದು ಅಂಟಿಕೊಳ್ಳುತ್ತವೆ. ಚಾಚುವ ಬಲವೆಲ್ಲ ಈ ಒಂದು ಹಿಡಿಯ ಮೇಲೆ ಬೀಳುತ್ತದೆ.

ಊರಿನಲ್ಲಿ ಬಾವಿಯ ಏತ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ನಡುವೆ ಕಂಬ, ಒಂದು ಕಡೆ ಗಿಡ್ಡ ತುದಿಗೆ ಕಟ್ಟಿದ ಭಾರದ ಕಲ್ಲು, ಇನ್ನೊಂದು ಕಡೆ ಉದ್ದದ ತುದಿಯಲ್ಲಿ ನೀರಿನ ಕೊಡ. ಮೊಣಕೈಯಲ್ಲಿ ಕಂಬದ ಜಾಗದಲ್ಲಿ ಕೀಲು, ಗಿಡ್ಡ ತುದಿ ಒಲೆಕ್ರೆನಾನ್, ಉದ್ದದ ತುದಿ ಮುಂಗೈ ಮತ್ತು ಅಂಗೈ. ಟ್ರೈಸೆಪ್ಸ್ ಗಿಡ್ಡ ತುದಿಯನ್ನು ಎಳೆದರೆ ಅಂಗೈ ಅದರ ಎದುರು ದಿಕ್ಕಿಗೆ ಹೋಗುತ್ತದೆ.

ಏತದ ಲೆಕ್ಕವೇ ಇಲ್ಲೂ. ಕೀಲಿನ ನಡುವಿನಿಂದ ಟ್ರೈಸೆಪ್ಸ್ ಎಳೆಯುವ ಗೆರೆಗೆ ಸುಮಾರು 2.5 ಸೆಂಟಿಮೀಟರ್. ಕೀಲಿನಿಂದ ಅಂಗೈಗೆ ಸುಮಾರು 30 ಸೆಂಟಿಮೀಟರ್. ಹನ್ನೆರಡು ಪಟ್ಟು ವ್ಯತ್ಯಾಸ. ಎಂದರೆ ಅಂಗೈಯಿಂದ 5 ಕಿಲೋ ಬಲ ಹಾಕಿ ಏನನ್ನಾದರೂ ತಳ್ಳಬೇಕಾದರೆ ಟ್ರೈಸೆಪ್ಸ್ ಆ ತುದಿಯನ್ನು ಸುಮಾರು 60 ಕಿಲೋ ಬಲದಿಂದ ಎಳೆಯಬೇಕು. ಇದು ನಷ್ಟದ ವ್ಯಾಪಾರದಂತೆ ಕಂಡರೂ ಲಾಭ ಬೇರೆ ಕಡೆ ಇದೆ. ಸ್ನಾಯು ಸ್ವಲ್ಪ ಕುಗ್ಗಿದರೆ ಸಾಕು, ಅಂಗೈ ದೂರಕ್ಕೆ, ಬೇಗ ಹೋಗುತ್ತದೆ. ಚೆಂಡು ಎಸೆಯುವುದು, ಸುತ್ತಿಗೆ ಬೀಸುವುದು, ಕಾವಲಿಯ ಮೇಲೆ ಹಿಟ್ಟನ್ನು ಒಂದೇ ಸುತ್ತಿಗೆ ಹರಡುವುದು ಎಲ್ಲ ಇದರಿಂದ ಸಾಧ್ಯ.

ಒಲೆಕ್ರೆನಾನ್ ಇಲ್ಲದೆ ಹೋಗಿದ್ದರೆ ಟ್ರೈಸೆಪ್ಸ್‌ಗೆ ಹಿಡಿಯಲು ಕೀಲಿನ ಹಿಂದೆ ಜಾಗವೇ ಇರುತ್ತಿರಲಿಲ್ಲ. ಎಳೆದರೂ ಕೈ ಚಾಚುತ್ತಿರಲಿಲ್ಲ. ಬಾಗಿಲಿನ ಹಿಡಿಕೆಯನ್ನು ತಿರುಗಣೆಯ ಮೇಲೆಯೇ ಕೂರಿಸಿದರೆ ಬಾಗಿಲು ತೆರೆಯಲು ಹೇಗೆ ಕಷ್ಟವೋ ಹಾಗೆ.

ತಳ್ಳುವ ಕೈ

ಕೈಯ ಕೆಲಸ ಎಂದರೆ ಹಿಡಿಯುವುದು, ಎತ್ತುವುದು ಎಂದೇ ನಾವು ಯೋಚಿಸುತ್ತೇವೆ. ಚಾಚುವ, ತಳ್ಳುವ ಕೆಲಸ ಎಷ್ಟಿದೆ ಎಂದು ಅದು ತಪ್ಪಿದ ಮೇಲೆಯೇ ತಿಳಿಯುವುದು. ನೆಲದಿಂದ ಏಳುವಾಗ ಅಂಗೈ ಊರುವುದು, ಕುರ್ಚಿಯ ಕೈಗೆ ಒತ್ತು ಕೊಟ್ಟು ಎದ್ದೇಳುವುದು, ಚಪಾತಿ ಲಟ್ಟಿಸುವುದು, ಹಿಟ್ಟು ನಾದುವುದು, ತಂತಿಯ ಮೇಲೆ ಬಟ್ಟೆ ಹರವುವುದು, ಅಟ್ಟದ ಮೇಲಿನ ಡಬ್ಬಿ ತೆಗೆಯುವುದು, ಕೈಗಾಡಿ ತಳ್ಳುವುದು, ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಗೆ ಕೈ ಚಾಚುವುದು. ಊರುಗೋಲು ಹಿಡಿದು ನಡೆಯುವ ಹಿರಿಯರಿಗೆ ಮೈಯ ಭಾರದ ಒಂದು ಪಾಲು ಈ ತುದಿಯ ಮೂಲಕವೇ ಹೋಗುತ್ತದೆ.

ನಮ್ಮ ನಿಧಿಗೆ ಅರ್ಜಿ ಹಾಕುವವರು ಹೆಚ್ಚಾಗಿ ಯಾರು? ಹೋಟೆಲಿನ ಅಡಿಗೆಮನೆ, ಕ್ಯಾಂಟೀನು, ಕಟ್ಟಡ ಕೆಲಸ, ಮನೆಗೆಲಸ ಮಾಡುವವರು. ಮೇಜಿನ ಮುಂದೆ ಕೂರುವವನಿಗೆ ಸ್ವಲ್ಪ ಬಗ್ಗಿದ ಮೊಣಕೈ ಒಂದು ಕಿರಿಕಿರಿ. ಇವರಿಗೆ ಅದು ಕೂಲಿಯ ಪ್ರಶ್ನೆ.

ಮುರಿದಾಗ ಏನಾಗುತ್ತದೆ

ಈ ತುದಿಯ ಮೇಲೆ ಮಾಂಸವಿಲ್ಲ, ಚರ್ಮ ಮತ್ತು ಆ ತೆಳ್ಳನೆಯ ಚೀಲ ಮಾತ್ರ. ಬಚ್ಚಲಲ್ಲಿ, ಒದ್ದೆ ಅಡಿಗೆಮನೆಯಲ್ಲಿ, ಬೈಕಿನಿಂದ ಮೊಣಕೈ ಮೇಲೆ ಬಿದ್ದರೆ ಪೆಟ್ಟು ನೇರ ಮೂಳೆಗೆ. ಇನ್ನೊಂದು ಬಗೆಯೂ ಇದೆ. ಬೀಳುವಾಗ ಅಂಗೈ ಊರುತ್ತೇವೆ, ಮೈಯನ್ನು ತಡೆಯಲು ಟ್ರೈಸೆಪ್ಸ್ ತಟ್ಟನೆ ಬಿಗಿಯುತ್ತದೆ, ಆ ಎಳೆತಕ್ಕೇ ತುದಿ ಕಿತ್ತುಬರುತ್ತದೆ. ವಯಸ್ಸಾಗಿ ಮೂಳೆ ಟೊಳ್ಳಾದವರಲ್ಲಿ ಇದಕ್ಕೆ ದೊಡ್ಡ ಬೀಳು ಬೇಕಾಗಿಲ್ಲ.

ಮುರಿದ ತುಂಡು ಇದ್ದಲ್ಲಿಯೇ ಇದ್ದರೆ ಕೆಲಸ ಸುಲಭ. ಆದರೆ ಟ್ರೈಸೆಪ್ಸ್ ಆ ತುಂಡನ್ನು ಹಿಡಿದೇ ಇರುತ್ತದೆ, ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಬಿರುಕು ಅಗಲವಾಗುತ್ತದೆ. ಏತದ ಗಿಡ್ಡ ತುದಿ ಕಳಚಿ ಕಲ್ಲಿನ ಜೊತೆಗೇ ಬಿದ್ದ ಹಾಗೆ, ಇನ್ನೊಂದು ತುದಿಯ ಕೊಡ ಮೇಲೇಳುವುದಿಲ್ಲ.

ಇಲ್ಲೊಂದು ಮೋಸ ಇದೆ. ಮುರಿದವರು ಕೈಯನ್ನು ಕೆಳಗೆ ಜೋಲುಬಿಟ್ಟರೆ ಅದು ಚಾಚಿಕೊಳ್ಳುತ್ತದೆ, ಏಕೆಂದರೆ ಮುಂಗೈಯ ಭಾರವೇ ಅದನ್ನು ಕೆಳಗೆ ಎಳೆಯುತ್ತದೆ. ಬೆರಳುಗಳೂ ಆಡುತ್ತವೆ. "ಬೆರಳು ಆಡುತ್ತದೆ, ಮುರಿದಿಲ್ಲ ಬಿಡಿ" ಎಂದು ಮನೆಯವರು ಎರಡು ದಿನ ಎಣ್ಣೆ ಹಚ್ಚಿ ಕೂರಿಸಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೆರಳಿಗೂ ಈ ತುದಿಗೂ ಸಂಬಂಧವಿಲ್ಲ. ಮೇಲ್ತೋಳನ್ನು ಕಿವಿಯ ಪಕ್ಕಕ್ಕೆ ಎತ್ತಿದಾಗ, ಭಾರಕ್ಕೆ ವಿರುದ್ಧವಾಗಿ ಮುಂಗೈಯನ್ನು ಮೇಲಕ್ಕೆ ಚಾಚಲು ಬರುತ್ತದೆಯೇ ಎಂಬುದೇ ಪರೀಕ್ಷೆ. ಅದನ್ನು ವೈದ್ಯರು ಮಾಡಿ ನೋಡುತ್ತಾರೆ, ಮನೆಯಲ್ಲಿ ಬಲವಂತ ಮಾಡಬೇಡಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಉಂಗುರ, ಬಳೆ, ಗಡಿಯಾರ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಕೈ ಯಾವ ಸ್ಥಿತಿಯಲ್ಲಿ ಹಿತವಾಗಿದೆಯೋ ಅದೇ ಸ್ಥಿತಿಯಲ್ಲಿ ಟವೆಲ್ ಅಥವಾ ದುಪಟ್ಟಾದಿಂದ ಜೋಳಿಗೆ ಕಟ್ಟಿ ಕರೆತನ್ನಿ. ಗಾಯವಿದ್ದರೆ ಶುಭ್ರ ಬಟ್ಟೆ ಮುಚ್ಚಿ, ಅರಿಶಿನ, ಕಾಫಿಪುಡಿ ಬೇಡ. ಉಜ್ಜಬೇಡಿ, ಎಳೆಯಬೇಡಿ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಈ ತುದಿಯಲ್ಲಿ ಸುಮಾರು 9ರಿಂದ 11ನೇ ವಯಸ್ಸಿನಲ್ಲಿ ಮೂಳೆಯ ಒಂದು ಬೇರೆ ಚುಕ್ಕೆ ಕಾಣಿಸಿಕೊಂಡು, ಹದಿಹರೆಯದಲ್ಲಿ ಉಳಿದ ಭಾಗಕ್ಕೆ ಕೂಡಿಕೊಳ್ಳುತ್ತದೆ. ನಡುವಿನ ವರ್ಷಗಳಲ್ಲಿ ಎಕ್ಸ್‌ರೇಯಲ್ಲಿ ಅಲ್ಲೊಂದು ಗೆರೆ ಕಾಣುತ್ತದೆ, ಮುರಿದಂತೆಯೇ ಕಾಣುತ್ತದೆ. ಅನುಮಾನ ಬಂದರೆ ಇನ್ನೊಂದು ಮೊಣಕೈಯ ಎಕ್ಸ್‌ರೇಯನ್ನೂ ತೆಗೆದು ಹೋಲಿಸುತ್ತೇವೆ. "ಚೆನ್ನಾಗಿರುವ ಕೈಗೂ ಯಾಕೆ ಎಕ್ಸ್‌ರೇ?" ಎಂದು ಬಿಲ್ಲು ನೋಡಿ ಬೇಸರಿಸಬೇಡಿ.

ಆಪರೇಷನ್ ಏನು ಮಾಡುತ್ತದೆ

ತುಂಡು ಸರಿದಿಲ್ಲದಿದ್ದರೆ ಕೆಲವು ವಾರ ಪಟ್ಟಿ ಹಾಕಿ, ನಡುವೆ ಎಕ್ಸ್‌ರೇ ನೋಡಿದರೆ ಸಾಕು. ತೀರಾ ವಯಸ್ಸಾಗಿ ಕೈಯಿಂದ ಹೆಚ್ಚು ಕೆಲಸ ಮಾಡದವರಲ್ಲಿ ತುಂಡು ಸರಿದಿದ್ದರೂ ಆಪರೇಷನ್ ಮಾಡದೆ ಬಿಡುವುದುಂಟು. ದುಡಿಯುವ ವಯಸ್ಸಿನವರಲ್ಲಿ ತುಂಡು ಸರಿದಿದ್ದರೆ ಆಪರೇಷನ್ ಬೇಕು. ಎರಡು ಕಾರಣ: ಟ್ರೈಸೆಪ್ಸ್‌ನ ಹಿಡಿ ಮತ್ತೆ ಗಟ್ಟಿಯಾಗಬೇಕು, ಕೀಲಿನ ಒಳಗೋಡೆ ಮೆಟ್ಟಿಲಿಲ್ಲದೆ ನುಣುಪಾಗಿ ಕೂಡಬೇಕು.

ಹಲವು ತುಂಡಾಗಿದ್ದರೆ ಪ್ಲೇಟು, ಸ್ಕ್ರೂ. ನೇರವಾಗಿ ಎರಡು ತುಂಡಾಗಿದ್ದರೆ ಸಾಮಾನ್ಯವಾಗಿ ಮಾಡುವುದು ಟೆನ್ಶನ್ ಬ್ಯಾಂಡ್ ವೈರಿಂಗ್. ಮೂಳೆಯೊಳಗೆ ಎರಡು ಉಕ್ಕಿನ ಕಡ್ಡಿ, ಹಿಂಬದಿಯಲ್ಲಿ ಕನ್ನಡದ 8ರಂತಲ್ಲ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ಬಿಗಿದ ತಂತಿ. ಇದರ ಹಿಂದಿನ ತತ್ವವನ್ನು ಮೂಳೆ ಚಿಕಿತ್ಸೆಗೆ ತಂದವರು ಜರ್ಮನಿಯ ಫ್ರೀಡ್ರಿಶ್ ಪಾವೆಲ್ಸ್. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಎಒ ಎಂಬ ಶಸ್ತ್ರವೈದ್ಯರ ಬಳಗ ಅದನ್ನು ಜಗತ್ತಿಗೆಲ್ಲ ಹರಡಿತು.

ತತ್ವ ಸರಳ. ಎರಡು ಬೆಂಕಿಪೊಟ್ಟಣಗಳನ್ನು ತುದಿಗೆ ತುದಿ ಸೇರಿಸಿ ಹಿಡಿಯಿರಿ. ಬಗ್ಗಿಸಲು ಹೋದರೆ ಒಂದು ಪಕ್ಕ ಬಾಯಿ ತೆರೆಯುತ್ತದೆ. ತೆರೆಯುವ ಆ ಪಕ್ಕಕ್ಕೆ ಗಟ್ಟಿ ಟೇಪು ಅಂಟಿಸಿ ಮತ್ತೆ ಬಗ್ಗಿಸಿ. ಈಗ ಬಾಯಿ ತೆರೆಯುವುದಿಲ್ಲ, ಬದಲಿಗೆ ಇನ್ನೊಂದು ಪಕ್ಕದಲ್ಲಿ ಪೊಟ್ಟಣಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮೊಣಕೈ ಮಡಚುವಾಗ ಬಿರುಕಿನ ಹಿಂಬದಿ ತೆರೆಯಲು ನೋಡುತ್ತದೆ. ತಂತಿ ಅದನ್ನು ತಡೆದು, ಕೀಲಿನ ಕಡೆ ಮೂಳೆಗಳು ಒತ್ತಿಕೊಂಡು ಕೂಡಲು ಸಹಾಯ ಮಾಡುತ್ತದೆ.

ಇದರಿಂದ ತಿಳಿಯುವುದೇನು? ಈ ಆಪರೇಷನ್ ಮಾಡುವುದೇ ಕೈ ಬೇಗ ಆಡಲಿ ಎಂದು. ಮೂಳೆ ಕೂಡುವವರೆಗೆ ಕಾಯದೆ, ವೈದ್ಯರು ಹೇಳಿದಂತೆ ಕೆಲವೇ ದಿನಗಳಲ್ಲಿ ಮೆಲ್ಲಗೆ ಮಡಚಿ ಚಾಚಲು ಶುರುಮಾಡಲಿ ಎಂದು. ಆಪರೇಷನ್ ಮಾಡಿಸಿಕೊಂಡು ಕೈಯನ್ನು ಜೋಳಿಗೆಯಲ್ಲೇ ಇಟ್ಟುಕೊಂಡರೆ ಖರ್ಚು ಮಾಡಿದ ಹಣದ ಅರ್ಧ ಫಲ ಅಲ್ಲೇ ಹೋಯಿತು.

ಮೊಣಕೈಯ ಹಟ

ದೇಹದ ಕೀಲುಗಳಲ್ಲಿ ಪೆಟ್ಟಾದ ಮೇಲೆ ಬಹಳ ಬೇಗ ಗಡುಸಾಗುವವುಗಳಲ್ಲಿ ಮೊಣಕೈ ಒಂದು. ಮೂರು ಮೂಳೆಗಳು ಒಂದೇ ಚೀಲದೊಳಗೆ ಬಿಗಿಯಾಗಿ ಕೂತಿವೆ, ಆ ಚೀಲ ಗಾಯವಾದರೆ ದಪ್ಪವಾಗಿ ಕುಗ್ಗುತ್ತದೆ. ಆರೋಗ್ಯವಂತ ಮೊಣಕೈ ಪೂರ್ತಿ ಚಾಚಿದ 0 ಡಿಗ್ರಿಯಿಂದ ಸುಮಾರು 140, 145 ಡಿಗ್ರಿಯವರೆಗೆ ಮಡಚುತ್ತದೆ. ಅಮೆರಿಕದ ಮೋರಿ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನನಿತ್ಯದ ಹೆಚ್ಚಿನ ಕೆಲಸಗಳು 30ರಿಂದ 130 ಡಿಗ್ರಿಯ ನಡುವೆ ಆಗುತ್ತವೆ ಎಂದು ತೋರಿಸಿದರು. ಇಂದಿಗೂ ನಾವು ಇಟ್ಟುಕೊಳ್ಳುವ ಗುರಿ ಅದೇ. ತುತ್ತು ಬಾಯಿಗೆ ತರಲು ಆ ಕೊನೆಯ ಡಿಗ್ರಿಗಳು ಬೇಕು, ನೆಲದ ಮೇಲಿನ ವಸ್ತುವಿಗೆ ಕೈ ಚಾಚಲು ಮೊದಲಿನವು ಬೇಕು.

ನಮ್ಮ ದೋಸೆಯವರ ಕೈ ನಾನು ಅಳೆದಾಗ 60ರಿಂದ 90 ಡಿಗ್ರಿಯ ನಡುವೆ ಮಾತ್ರ ಆಡುತ್ತಿತ್ತು. ಮೂಳೆ ಚೆನ್ನಾಗಿ ಕೂಡಿತ್ತು. ಕೈ ಮಾತ್ರ ಕಟ್ಟಿಹಾಕಿದಂತಿತ್ತು.

ಯಾಕೆ ಹೀಗಾಯಿತು ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ. ವ್ಯಾಯಾಮ ಚಿಕಿತ್ಸೆಗೆ ಒಂದು ಸಲಕ್ಕೆ 300 ರೂಪಾಯಿ. ಹೋಗಿ ಬರುವ ಖರ್ಚು ಬೇರೆ. ಕೆಲಸವಿಲ್ಲ, ಸಂಬಳವಿಲ್ಲ, ಊರಿಗೆ ಹಣ ಕಳಿಸುವುದೂ ನಿಂತಿತ್ತು. ನಾಲ್ಕು ಸಲ ಹೋದರು, ಐದನೆಯದಕ್ಕೆ ಹೋಗಲಿಲ್ಲ. ಮಡಚಿದರೆ ತಂತಿ ಬಿಚ್ಚಿಕೊಂಡೀತು ಎಂಬ ಭಯವೂ ಇತ್ತು. ಎರಡು ತಿಂಗಳು ಜೋಳಿಗೆ ಬಿಚ್ಚಲಿಲ್ಲ. ಆಮೇಲೆ ರೂಮಿನವರು ಯಾರೋ ಜೋರಾಗಿ ಮಾಲೀಶು ಮಾಡಿದರು, ಊದಿಕೊಂಡಿತು. "ಮತ್ತೆ ಸಂಘಕ್ಕೆ ಕೇಳುವುದಕ್ಕೆ ನಾಚಿಕೆಯಾಯಿತು ಡಾಕ್ಟ್ರೇ. ಒಮ್ಮೆ ಕೊಟ್ಟಿದ್ದಾರಲ್ಲ" ಎಂದರು.

ಆ ಕೊನೆಯ ಮಾತು ನನಗೆ ಇನ್ನೂ ಚುಚ್ಚುತ್ತಿದೆ.

ಮಾಲೀಶಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಪೆಟ್ಟಾದ ಮೊಣಕೈಯನ್ನು ಬಲವಾಗಿ ಉಜ್ಜಿದರೆ, ಬೇರೆಯವರು ಹಿಡಿದು ಬಗ್ಗಿಸಿದರೆ, ಸ್ನಾಯುವಿನೊಳಗೆ ರಕ್ತ ಕಟ್ಟಿ ಅಲ್ಲಿಯೇ ಮೂಳೆ ಬೆಳೆಯುವ ಅಪಾಯವಿದೆ. ಹಾಗಾದರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಮೊಣಕೈಗೆ ಬೇಕಾದ್ದು ರೋಗಿ ತಾನೇ, ತನ್ನ ಸ್ನಾಯುವಿನಿಂದ, ದಿನಕ್ಕೆ ಹಲವು ಸಲ, ಮೆಲ್ಲಗೆ ಮಾಡುವ ಓಡಾಟ. ಜೊತೆಗೆ ಭುಜ, ಮಣಿಕಟ್ಟು, ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸುವುದು. ಆದರೆ ಮೂಳೆ ಕೂಡುವವರೆಗೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ, ಆ ಕೈಯಿಂದ ಭಾರ ಎತ್ತಬಾರದು, ತಳ್ಳಬಾರದು, ಊರಿ ಏಳಬಾರದು. ಆಡಿಸಬೇಕು, ಭಾರ ಹಾಕಬಾರದು. ಈ ಎರಡನ್ನೂ ಒಟ್ಟಿಗೆ ಕಲಿಸಿಕೊಡಲು ತಿಳಿದವರು ಬೇಕು. ವ್ಯಾಯಾಮ ಚಿಕಿತ್ಸಕರ ಕೆಲಸ ಅದು.

ಇನ್ನೊಂದು ಖರ್ಚನ್ನೂ ಮೊದಲೇ ಹೇಳಿಬಿಡುತ್ತೇನೆ. ತುದಿಯ ಮೇಲೆ ಮಾಂಸವಿಲ್ಲ ಎಂದೆನಲ್ಲ, ಅದರಿಂದಾಗಿ ಕಡ್ಡಿ, ತಂತಿ ಚರ್ಮದ ಕೆಳಗೆ ತಾಗಿ ಚುಚ್ಚುವುದು ಸಾಮಾನ್ಯ. ಮೂಳೆ ಗಟ್ಟಿಯಾಗಿ ಕೂಡಿದ ಮೇಲೆ ಅನೇಕರಿಗೆ ಅವನ್ನು ತೆಗೆಸಬೇಕಾಗುತ್ತದೆ. ಅಂಥ ಅರ್ಜಿ ಬಂದರೆ ಮೊದಲ ಆಪರೇಷನ್ ಕೆಟ್ಟಿತು ಎಂದು ತಿಳಿಯಬಾರದು.

ನಾವೇನು ಮಾಡಬಹುದು

ಮುಂಬಯಿಯಲ್ಲಿರುವ ನಮ್ಮವರಿಗೆ ಆಪರೇಷನ್ನಿಗೆ ಕೆಲವು ದಾರಿಗಳಿವೆ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಆಯುಷ್ಮಾನ್ ಕಾರ್ಡ್ ಇದೆ, ಸರಕಾರಿ ಮತ್ತು ಪಾಲಿಕೆಯ ಆಸ್ಪತ್ರೆಗಳಿವೆ. ಇಎಸ್ಐ ಇರುವ ಕೆಲಸಗಾರರು ಅದನ್ನು ಮರೆಯಬಾರದು. ಕಾಯಿಲೆಯ ರಜೆಗೆ ಅದರಲ್ಲಿ ಸಂಬಳದ ಶೇಕಡಾ 70, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕೆಲಸದ ಜಾಗದಲ್ಲಿಯೇ ಆದ ಗಾಯವಾದರೆ ಶೇಕಡಾ 90. ಹೋಟೆಲು ನಡೆಸುವ ನಮ್ಮ ಸದಸ್ಯರು ತಮ್ಮ ಹುಡುಗರ ಹೆಸರು ನೋಂದಾಯಿಸಿದ್ದೀರೋ ಇಲ್ಲವೋ ಇವತ್ತೇ ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆದರೆ ಈ ಯೋಜನೆಗಳಲ್ಲಿ ಹೆಚ್ಚಿನವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿರುವ ದಿನಗಳ ಖರ್ಚು ನೋಡಿಕೊಳ್ಳುತ್ತವೆ. ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬಂದ ಮೇಲಿನ ವಾರಗಳು ಅನೇಕರ ಪಾಲಿಗೆ ಯಾರ ಲೆಕ್ಕಕ್ಕೂ ಸರಿಯಾಗಿ ಬರುವುದಿಲ್ಲ. ನಮ್ಮ ನಿಧಿಯೂ ಇಷ್ಟು ದಿನ ಆಪರೇಷನ್ ಬಿಲ್ಲು ನೋಡಿ ಹಣ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಮೊಣಕೈ ಉಳಿಯುವುದೋ ಕೆಡುವುದೋ ತೀರ್ಮಾನವಾಗುವುದು ಮಾತ್ರ ಆ ವಾರಗಳಲ್ಲೇ.

ಆದ್ದರಿಂದ ಸಮಿತಿಯ ಮುಂದೆ ನಾನು ಇಟ್ಟಿರುವ ಸಲಹೆ ಇದು. ಕೀಲಿಗೆ ಸಂಬಂಧಿಸಿದ ಆಪರೇಷನ್ನಿಗೆ ನೆರವು ಕೊಡುವಾಗಲೇ ನಂತರದ ವ್ಯಾಯಾಮ ಚಿಕಿತ್ಸೆಗೂ, ಹೋಗಿ ಬರುವ ಖರ್ಚಿಗೂ ಒಂದು ಪಾಲನ್ನು ಬೇರೆ ಇಡಬೇಕು. ಎರಡನೇ ಅರ್ಜಿ ಬರೆಯುವ ಮುಜುಗರ ರೋಗಿಗೆ ಬರಬಾರದು. ಆರು ವಾರವಾದ ಮೇಲೆ ಸಮಿತಿಯ ಒಬ್ಬರು ಫೋನು ಮಾಡಿ ಕೈ ಎಷ್ಟು ಆಡುತ್ತಿದೆ ಎಂದು ಕೇಳಬೇಕು. ಈ ಫೋನು ಮಾಡುವ ಕೆಲಸ ನಾನೇ ಒಪ್ಪಿಕೊಂಡಿದ್ದೇನೆ.

ನಿಮ್ಮಿಂದ ಬೇಕಾದ್ದು ಮೂರು. ದಾನ ಕಳಿಸುವಾಗ "ಆಪರೇಷನ್ ನಂತರದ ಚಿಕಿತ್ಸೆಗೆ" ಎಂದು ಬರೆದು ಕಳಿಸಿದರೆ ಆ ಹಣವನ್ನು ಅದಕ್ಕೇ ಮೀಸಲಿಡಲು ಖಜಾಂಚಿಯವರು ಒಪ್ಪಿದ್ದಾರೆ. ಸದಸ್ಯರ ಮನೆಗಳಲ್ಲಿ ವ್ಯಾಯಾಮ ಚಿಕಿತ್ಸೆ ಕಲಿತ ಮಕ್ಕಳು, ಸೊಸೆಯಂದಿರು ಇದ್ದರೆ ವಾರಕ್ಕೆ ಒಂದು ಗಂಟೆ ಸಂಘದ ಕಚೇರಿಯಲ್ಲಿ ಕೊಡಬಹುದೇ ಕೇಳಿ. ಹೋಟೆಲು, ಅಂಗಡಿ ಇರುವವರು ಪೆಟ್ಟಾದ ಕೆಲಸಗಾರನನ್ನು ಊರಿಗೆ ಕಳಿಸುವ ಬದಲು ಎರಡು ತಿಂಗಳು ಗಲ್ಲಾದಲ್ಲೋ ಲೆಕ್ಕದಲ್ಲೋ ಕೂರಿಸಬಹುದೇ ಯೋಚಿಸಿ. ಅವನ ಸಂಬಳ ನಿಲ್ಲದಿದ್ದರೆ ವ್ಯಾಯಾಮವೂ ನಿಲ್ಲುವುದಿಲ್ಲ.

ಕಳೆದ ಸಭೆಯ ಎರಡನೇ ಅರ್ಜಿಯನ್ನು ಸಮಿತಿ ಒಪ್ಪಿತು. ಪ್ರಶ್ನೆ ಕೇಳಿದ ಹಿರಿಯರೇ ಮೊದಲು ಕೈ ಎತ್ತಿದರು. ನಮ್ಮ ದೋಸೆಯವರು ಈಗ ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಹೋಗುತ್ತಿದ್ದಾರೆ, ಉಳಿದ ದಿನ ರೂಮಿನಲ್ಲೇ ಮಾಡುತ್ತಾರೆ. ಮೊನ್ನೆ ಅಳೆದಾಗ 45ರಿಂದ 115 ಡಿಗ್ರಿಯಾಗಿತ್ತು. ಪೂರ್ತಿ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ, ತಡವಾಗಿದೆ. ಸಾಕಷ್ಟು ಬರದಿದ್ದರೆ ಕೀಲನ್ನು ಸಡಿಲಿಸುವ ಇನ್ನೊಂದು ಆಪರೇಷನ್ ಬೇಕಾಗಬಹುದು, ಅದು ಮೊದಲಿನದಕ್ಕಿಂತ ಕಷ್ಟದ್ದು. ಮೊದಲ ಆರು ವಾರಗಳಲ್ಲಿ ಸ್ವಲ್ಪ ಹಣ, ಸ್ವಲ್ಪ ಧೈರ್ಯ ಸಿಕ್ಕಿದ್ದರೆ ಆ ಮಾತೇ ಬಹುಶಃ ಬರುತ್ತಿರಲಿಲ್ಲ.

ಕೈಗೆ ಸಿಗದ ಆಸೆ ತೋರಿಸುವುದಕ್ಕೆ ಮೊಣಕೈಗೆ ಬೆಲ್ಲ ಹಚ್ಚಿದ ಹಾಗೆ ಎಂದು ನಮ್ಮಲ್ಲಿ ಹೇಳುತ್ತಾರೆ. ಬೆಲ್ಲ ಕಾಣುತ್ತದೆ, ನಾಲಿಗೆಗೆ ಎಟಕುವುದಿಲ್ಲ. ಆಪರೇಷನ್ನಿಗೆ ಕೊಟ್ಟು ಅಲ್ಲಿಗೇ ನಿಲ್ಲಿಸಿದ ನಮ್ಮ ನೆರವು ಅವರಿಗೆ ಹಾಗೆಯೇ ಆಗಿತ್ತು. ಮುಂದಿನ ಅರ್ಜಿದಾರರಿಗೆ ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ವೈದ್ಯಕೀಯ ನೆರವು ಸಮಿತಿಯ ಪರವಾಗಿ,
ನಿಮ್ಮ ವಿಶ್ವಾಸಿ